ಎಂಟು ಮಿಲಿಮೀಟರಿನ ಜಾಗ

"ಅಮ್ಮಾ, ಆರೂ ತೂತಿಗೆ ಬಟ್ಟೆ ತುರುಕಿದೀನಾ, ಒಂದ್ಸಲ ಎಣಿಸು. ಒಂದು ಬೋಲ್ಟು ಒಳಗೆ ಬಿತ್ತು ಅಂದ್ರೆ ಎಂಜಿನ್ ಕಥೆ ಮುಗೀತು."

ನಾನು ಎಣಿಸಿದೆ. ಆರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಮಕ್ಕಳ ತಲೆ ಎಣಿಸಿದವಳಿಗೆ ಆರು ತೂತು ಎಣಿಸುವುದೇನೂ ಕಷ್ಟವಲ್ಲ. ಆದರೆ ಅವತ್ತು ಯಾಕೋ ಎರಡು ಸಲ ಎಣಿಸಿದೆ.

2014ರ ಮೇ ತಿಂಗಳು. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ಸಿನಲ್ಲಿ ಮಗಳ ಮನೆ. ಮನೆಗೆ ಅಂಟಿಕೊಂಡೇ ಇದ್ದ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿಕೊಂಡು ನಿಂತಿದ್ದದ್ದು ಅವಳ ಬೆಳ್ಳಿಬಣ್ಣದ ಕಾರು. ನಿಸಾನ್ 350 ಜೆಡ್, 2004ರ ಮಾದರಿ. ಎರಡೇ ಸೀಟು. ತರಕಾರಿ ಚೀಲ ಇಡಲೂ ಸರಿಯಾಗಿ ಜಾಗವಿಲ್ಲದ ಕಾರು ಯಾಕೆ ಬೇಕು ಎಂದು ನಾನು ಕೇಳಿ ಆಗಿತ್ತು. "ತರಕಾರಿಗೆ ಅವರ ಕಾರಿದೆಯಲ್ಲಮ್ಮ, ಇದು ನನಗೆ" ಎಂದು ಅವಳು ಹೇಳಿಯೂ ಆಗಿತ್ತು. ತನ್ನ ಸಂಬಳದಲ್ಲಿ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದಳು. ಅವಳೇನೂ ಎಂಜಿನಿಯರ್ ಅಲ್ಲ. ಬಿ.ಕಾಂ. ಓದಿ, ಲೆಕ್ಕಪತ್ರದ ಪರೀಕ್ಷೆಗಳನ್ನು ಮುಗಿಸಿ, ಕಂಪನಿಯೊಂದರಲ್ಲಿ ಲೆಕ್ಕ ನೋಡುವ ಕೆಲಸ ಮಾಡುವವಳು.

ಅಷ್ಟರಲ್ಲಿ ಸ್ಕೈಪಿನಲ್ಲಿ ನನ್ನ ನಾದಿನಿಯ ಕರೆ. ಅಲ್ಲಿ ಬೆಳಗಿನ ಹತ್ತು, ಇಲ್ಲಿ ಚಿತ್ರದುರ್ಗದಲ್ಲಿ ರಾತ್ರಿಯ ಏಳೂವರೆ.

"ಏನ್ ಮಾಡ್ತಿದಾಳೆ ಅತ್ತಿಗೆ ನಮ್ಮ ಹುಡುಗಿ?"

"ಕಾರು ಬಿಚ್ಚಿಕೊಂಡು ಕೂತಿದಾಳೆ."

"ಅಯ್ಯೋ, ಅಳಿಯಂದ್ರು ಮನೇಲಿಲ್ವಾ?"

"ಇದಾರೆ. ಒಳಗೆ ಚಿತ್ರಾನ್ನ ಕಲಸ್ತಿದಾರೆ."

ಆ ಕಡೆ ಒಂದು ಗಳಿಗೆ ಮಾತಿಲ್ಲ. ಆಮೇಲೆ ಒಂದೇ ಒಂದು ಪದ ಬಂತು: "ಪಾಪ."

ಆ 'ಪಾಪ' ನನ್ನ ಕಿವಿಯಲ್ಲಿ ಇನ್ನೂ ಇದೆ. ಯಾರು ಪಾಪ? ಬಿಸಿ ಅನ್ನ ಹರಡಿ ಒಗ್ಗರಣೆ ಕಲಸುತ್ತಿದ್ದ ಅಳಿಯನೇ? ಕೈ ಮಸಿ ಮಾಡಿಕೊಂಡಿದ್ದ ಮಗಳೇ? ಇಂಥ ಮಗಳನ್ನು ಹೆತ್ತ ನಾನೇ? ನಾದಿನಿ ಒಳ್ಳೆಯವಳು, ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಅದಕ್ಕೇ ಆ ಮಾತಿಗೆ ಉತ್ತರ ಕೊಡಬೇಕೆನ್ನಿಸುತ್ತದೆ. ಕೆಟ್ಟ ಮನಸ್ಸಿನವರ ಮಾತನ್ನು ಗಾಳಿಗೆ ಬಿಡಬಹುದು. ಒಳ್ಳೆಯ ಮನಸ್ಸಿನವರು ಯೋಚಿಸದೆ ಆಡುವ ಮಾತೇ ಮನೆಮನೆಯಲ್ಲಿ ಕಾನೂನಾಗಿ ಕೂತುಬಿಡುತ್ತದೆ.

ಮೊದಲು, ಅವಳು ಮಾಡುತ್ತಿದ್ದುದು ಏನು ಎಂದು ಹೇಳಿಬಿಡುತ್ತೇನೆ. 'ನಮಗೆ ಅದೆಲ್ಲ ಅರ್ಥವಾಗಲ್ಲಪ್ಪ' ಎಂದು ಪುಟ ತಿರುಗಿಸಬೇಡಿ. ನಾನು ಕಲಿಸುತ್ತಿದ್ದದ್ದು ಸಮಾಜ ವಿಜ್ಞಾನ. ನನಗೆ ಅರ್ಥವಾದದ್ದು ನಿಮಗೂ ಆಗುತ್ತದೆ.

ಎಂಜಿನ್ ಎಂದರೆ ಉಸಿರಾಡುವ ಯಂತ್ರ. ಪೆಟ್ರೋಲು ಸುಡಬೇಕಾದರೆ ಗಾಳಿ ಬೇಕು. ಒಲೆಗೆ ಊದುಗೊಳವೆ ಹಿಡಿದು ಊದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಕಾರಿನ ಮೂರೂವರೆ ಲೀಟರಿನ ಎಂಜಿನ್ನಿನಲ್ಲಿ ಆರು ಸಿಲಿಂಡರುಗಳು, ಒಂದೊಂದು ಸಾಲಿನಲ್ಲಿ ಮೂರರಂತೆ. ಎರಡೂ ಸಾಲು ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ವಾಲಿಕೊಂಡಿವೆ. ಅವುಗಳ ತಲೆಯ ಮೇಲೆ ಅಲ್ಯೂಮಿನಿಯಮ್ಮಿನ ಒಂದು ಗಾಳಿಪೆಟ್ಟಿಗೆ. ಅದಕ್ಕೆ ಪ್ಲೀನಮ್ ಎನ್ನುತ್ತಾರೆ. ಗಾಳಿ ಅದರ ಮುಂಭಾಗದಿಂದ ಒಳಗೆ ಬಂದು, ಕೆಳಗಿನ ಆರು ದಾರಿಗಳಲ್ಲಿ ಹಂಚಿಕೊಂಡು ಸಿಲಿಂಡರುಗಳಿಗೆ ಇಳಿಯುತ್ತದೆ. ಈ ಪೆಟ್ಟಿಗೆಯ ಮುಚ್ಚಳ ಮುಂಭಾಗದಲ್ಲಿ ತಗ್ಗು. ಆ ಕಾರಿನ ಬಾನೆಟ್ಟು ಚಂದಕ್ಕೆ ಇಳಿಜಾರಾಗಿದೆ, ಅದರ ಕೆಳಗೆ ಅಡ್ಡಪಟ್ಟಿಯೊಂದು ಕೂರಬೇಕು. ಅಲ್ಲಿ ಎತ್ತರಕ್ಕೆ ಅವಕಾಶ ಕಡಿಮೆ. ಹೀಗಾಗಿ ಮುಂದಿನ ಎರಡು ಸಿಲಿಂಡರುಗಳ ಬಾಯಿಯ ಮೇಲೆ ಇಕ್ಕಟ್ಟು. ನುಗ್ಗಿ ಬರುವ ಗಾಳಿ ಅವನ್ನು ದಾಟಿಕೊಂಡು ಹಿಂದಕ್ಕೆ ಹೋಗಿಬಿಡುತ್ತದೆ. ಬಾಗಿಲಿಗೆ ಹತ್ತಿರ ಇದ್ದವಕ್ಕೇ ಗಾಳಿ ಕಡಿಮೆ!

ಮಗಳು ಇದನ್ನು ವಿವರಿಸಿದಾಗ ನನಗೆ ನೆನಪಾದದ್ದು ಮದುವೆಮನೆಯ ಪಂಕ್ತಿ. ಅಡುಗೆಮನೆಯ ಬಾಗಿಲ ಪಕ್ಕದಲ್ಲೇ ಕೂತವರ ಎಲೆಗೆ ಬಡಿಸುವವರು ಹೋಳಿಗೆ ಹಾಕುವುದನ್ನು ಮರೆತು ಓಡುತ್ತಾರೆ. ಅಡುಗೆಮನೆಗೆ ಎಲ್ಲರಿಗಿಂತ ಹತ್ತಿರ ಇರುವವಳೇ ಎಲ್ಲರಿಗಿಂತ ಕೊನೆಯಲ್ಲಿ ಉಣ್ಣುವುದು ನಮಗೇನು ಹೊಸ ವಿಷಯವೇ?

ಸ್ಪೇಸರ್ ಎಂದರೆ ಈ ಮುಚ್ಚಳಕ್ಕೂ ಕೆಳಗಿನ ಭಾಗಕ್ಕೂ ನಡುವೆ ಇಡುವ ಲೋಹದ ಒಂದು ಚೌಕಟ್ಟು. ಕಾರು ಮಾಡಿದ ಕಂಪನಿಯದಲ್ಲ, ಹೊರಗಿನವರು ಮಾಡಿ ಮಾರುವುದು. ದಪ್ಪ ಒಂದು ಇಂಚಿನ ಹದಿನಾರರಲ್ಲಿ ಐದು ಭಾಗ, ಸುಮಾರು 8 ಮಿಲಿಮೀಟರು. ನನ್ನ ಕಿರುಬೆರಳಿನಷ್ಟೂ ಇಲ್ಲ. ಅಷ್ಟು ಎತ್ತರಿಸಿದರೆ ಮುಂದಿನ ಎರಡಕ್ಕೂ ಉಸಿರು ಸಲೀಸು. ಅಷ್ಟೇ ವಿದ್ಯೆ.

ಅದನ್ನು ಕೂರಿಸುವುದನ್ನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ನೋಡಿದೆ. ಮೊದಲು ಬ್ಯಾಟರಿಯ ಋಣ ತಂತಿ ಬಿಚ್ಚಿದಳು. ಪ್ಲಾಸ್ಟಿಕ್ ಹೊದಿಕೆ, ಅಡ್ಡಪಟ್ಟಿ, ಗಾಳಿ ಬರುವ ದಪ್ಪ ಕೊಳವೆ ಒಂದೊಂದಾಗಿ ತೆಗೆದು, ಅವುಗಳ ಬೋಲ್ಟುಗಳನ್ನು ಖಾಲಿ ಮೊಟ್ಟೆ ಪೆಟ್ಟಿಗೆಯ ಗುಳಿಗಳಲ್ಲಿ ತೆಗೆದ ಕ್ರಮದಲ್ಲೇ ಇಟ್ಟಳು. ಪ್ರತಿ ರಬ್ಬರು ಪೈಪಿಗೂ ಬಣ್ಣದ ಅಂಟುಪಟ್ಟಿ ಸುತ್ತಿ, ಅದು ಕೂರುವ ಜಾಗಕ್ಕೂ ಅದೇ ಬಣ್ಣ. ಮುಚ್ಚಳ ಎತ್ತಿದ ಕೂಡಲೇ ಆರೂ ದಾರಿಗೆ ಬಟ್ಟೆ. ಹಳೆಯ ಗ್ಯಾಸ್ಕೆಟ್ಟಿನ ಚೂರನ್ನು ಲೋಹಕ್ಕೆ ಗೀರು ಬೀಳದಂತೆ ಕೆರೆದು, ಒರೆಸಿ, ಬೆರಳಾಡಿಸಿ ನೋಡಿದಳು. ಹೊಸ ಚೌಕಟ್ಟು, ಹೊಸ ಗ್ಯಾಸ್ಕೆಟ್ಟು, ಅದರೊಂದಿಗೇ ಬಂದ ಉದ್ದನೆಯ ಬೋಲ್ಟುಗಳು. ಬೋಲ್ಟುಗಳನ್ನು ಒಂದೇ ಏಟಿಗೆ ಬಿಗಿಯುವ ಹಾಗಿಲ್ಲ. ನಡುವಿನಿಂದ ಶುರುಮಾಡಿ ಒಂದು ಈ ಕಡೆ, ಒಂದು ಆ ಕಡೆ, ಸ್ವಲ್ಪ ಸ್ವಲ್ಪವಾಗಿ, ಬಿಗಿತ ಅಳೆಯುವ ಪಾನ ಹಿಡಿದು. ಮೆತ್ತನೆಯ ಅಲ್ಯೂಮಿನಿಯಮ್ಮಿನಲ್ಲಿ ಜಾಸ್ತಿ ಬಲ ಹಾಕಿದರೆ ಮರೆ ಕಿತ್ತುಹೋಗುತ್ತದೆ. ಬಲವೇ ಮುಖ್ಯ ಎಂದುಕೊಂಡ ಗಂಡಸರು ಹಾಳುಮಾಡುವುದು ಇಲ್ಲೇ ಎಂದು ಅವಳು ನಕ್ಕಳು. ಮುಚ್ಚಳ ಮುಚ್ಚುವ ಮೊದಲು ಬಟ್ಟೆಗಳನ್ನು ತೆಗೆದು ನನ್ನ ಕೈಗೆ ಕೊಟ್ಟಳು. ನಾನು ಮತ್ತೆ ಎಣಿಸಿದೆ. ಆರು.

ನಿಜ ಹೇಳುತ್ತೇನೆ. ಇದರಲ್ಲಿ ಅಡುಗೆಮನೆಯಲ್ಲಿ ನಾವು ಮಾಡದ ಯಾವ ಕೆಲಸವಿದೆ? ಕುಕ್ಕರಿನ ಗ್ಯಾಸ್ಕೆಟ್ಟು ಸಡಿಲವಾಗಿದೆಯೆಂದು ಸೀಟಿಯ ಸದ್ದಿನಲ್ಲೇ ಹೇಳುವವರು ಯಾರು? ಪಂಪಿನ ಸ್ಟವ್ವಿನ ಕಣ್ಣು ಕಟ್ಟಿದರೆ ಪಿನ್ನು ಹಾಕಿ ಬಿಡಿಸುತ್ತಿದ್ದವರು ಯಾರು? ಹೊಲಿಗೆ ಯಂತ್ರದ ಬಾಬಿನ್ ಬಿಚ್ಚಿ, ಎಣ್ಣೆ ಬಿಟ್ಟು, ದಾರದ ಬಿಗಿತ ಸರಿಮಾಡುವವರು ಯಾರು? ಇವೆಲ್ಲ ಯಂತ್ರವಿದ್ಯೆಯೇ. ಮನೆಯೊಳಗೆ ಇದ್ದರೆ ಅದಕ್ಕೆ 'ಮನೆಗೆಲಸ' ಎಂದು ಹೆಸರು, ಸಂಬಳವಿಲ್ಲ. ಹೊಸ್ತಿಲ ಆಚೆ ಹೋದ ಕೂಡಲೇ 'ಟೆಕ್ನಿಕಲ್', ಅದು ಗಂಡಸರ ಕೈಗೆ!

ನಾದಿನಿ ಬಾಯಿಬಿಟ್ಟು ಹೇಳದಿದ್ದರೂ, ಆಮೇಲೆ ಬಳಗದವರು ಹೇಳಿದ ಮಾತುಗಳು ಬೇಕಾದಷ್ಟಿವೆ. ಒಂದೊಂದಾಗಿ ನೋಡೋಣ.

ಮೊದಲನೆಯದು, ದುಡ್ಡು ದಂಡ. ಇನ್ನೂರು ಡಾಲರಿನ ಆಸುಪಾಸು ಕೊಟ್ಟು ಅವಳು ತರಿಸಿದ ಈ ಚೌಕಟ್ಟಿನಿಂದ ಬಂದದ್ದೇನು? ಆ ಕಾರಿಗೆ ಕಂಪನಿಯೇ ಹೇಳಿದ ಶಕ್ತಿ 287 ಅಶ್ವಶಕ್ತಿ. ಇದನ್ನು ಹಾಕಿದರೆ ಇನ್ನು ಹತ್ತು ಹದಿನೈದು ಕೂಡುತ್ತದೆ ಎನ್ನುತ್ತಾರೆ ಮಾರುವವರು. ಮಾರುವವರ ತಕ್ಕಡಿ ಯಾವತ್ತೂ ಅವರ ಕಡೆಗೇ ವಾಲುತ್ತದೆ. ಅದಕ್ಕಿಂತ ಕಡಿಮೆಯೆಂದೇ ಇಟ್ಟುಕೊಳ್ಳಿ. ಅದೂ ಎಂಜಿನ್ ಜೋರಾಗಿ ತಿರುಗುವಾಗ ಮಾತ್ರ. ಇದೇ ಹೆಸರು ಹೇಳಿಕೊಂಡು, ಒಳಗೆ ಸುರುಳಿ ಗೆರೆ ಕೊರೆದ ಬಳೆಗಳನ್ನೂ ಮಾರುತ್ತಾರೆ. ಗಾಳಿಯನ್ನು ಸುಳಿ ಸುತ್ತಿಸಿ ಮೈಲೇಜು ಹೆಚ್ಚಿಸುತ್ತದಂತೆ! ಇವತ್ತಿನ ಎಂಜಿನ್ನುಗಳಲ್ಲಿ ಪೆಟ್ರೋಲು ಸಿಲಿಂಡರಿನ ಬಾಗಿಲ ಹತ್ತಿರವೇ ಸಿಂಪಡಣೆಯಾಗುತ್ತದೆ. ಅಷ್ಟು ದೂರದಲ್ಲಿ ಸುತ್ತಿಸಿದ ಗಾಳಿ ಅಲ್ಲಿಗೆ ಬರುವ ಹೊತ್ತಿಗೆ ಸುತ್ತುವುದನ್ನು ಮರೆತಿರುತ್ತದೆ. ಅದು ಶುದ್ಧ ಟೋಪಿ. ಆದರೆ ಯಾವುದು ಟೋಪಿ, ಯಾವುದಕ್ಕೆ ಅಲ್ಪಸ್ವಲ್ಪ ಅರ್ಥವಿದೆ ಎಂದು ಬೇರ್ಪಡಿಸಿ ಹೇಳಿದವಳು ನನ್ನ ಮಗಳೇ. ಬಿಚ್ಚಿ ನೋಡಿದವಳಿಗೆ ಟೋಪಿ ಹಾಕುವುದು ಕಷ್ಟ. ಇನ್ನು ದಂಡದ ಮಾತು: ಒಂದು ರೇಷ್ಮೆ ಸೀರೆಗೆ ಇದಕ್ಕಿಂತ ಹೆಚ್ಚು ಕೊಟ್ಟು ಬೀರುವಿನಲ್ಲಿಟ್ಟರೆ ಯಾರೂ ದಂಡ ಎನ್ನುವುದಿಲ್ಲ. ಹೆಣ್ಣಿನ ದುಡ್ಡು ಮೈಮೇಲೆ ಹೋದರೆ ಸಂಪತ್ತು, ಕೈಗೆ ಹೋದರೆ ದಂಡವೇ?

ಎರಡನೆಯದು, ಕಾರು ಮಾಡಿದ ಎಂಜಿನಿಯರುಗಳಿಗಿಂತ ಇವಳು ಬುದ್ಧಿವಂತಳೋ? ಅಲ್ಲ. ಆದರೆ ಎಂಜಿನಿಯರುಗಳೂ ಮನೆ ನಡೆಸುವವರ ಹಾಗೆಯೇ, ಹತ್ತು ಕಡೆ ತೂಗಿಸುತ್ತಾರೆ. ಚಂದ, ಬೆಲೆ, ಹೊಗೆಯ ಕಾನೂನು, ಬಾನೆಟ್ಟಿನ ಎತ್ತರ ಎಲ್ಲ ಸೇರಿ ಒಂದು ಒಪ್ಪಂದ. ಅದೇ ಕಂಪನಿ 2007ರ ಮಾದರಿಗೆ ಎಂಜಿನ್ನನ್ನೇ ಬದಲಿಸಿ, ಗಾಳಿಗೆ ಒಂದರ ಬದಲು ಎರಡು ದಾರಿ ಮಾಡಿ, ಶಕ್ತಿಯನ್ನು 306ಕ್ಕೆ ಏರಿಸಿತು. ಹಳೆಯದರಲ್ಲಿ ಇಕ್ಕಟ್ಟಿತ್ತು ಎಂದು ಹೇಳಿದವರು ಹುಚ್ಚರಾಗಿರಲಿಲ್ಲ. ದೊಡ್ಡವರು ಮಾಡಿದ್ದು ಎಂಬ ಒಂದೇ ಕಾರಣಕ್ಕೆ ಅದನ್ನು ಪ್ರಶ್ನಿಸಬಾರದೇ? ಈ ಪ್ರಶ್ನೆಯನ್ನು ನಾವು ಹೆಂಗಸರು ಬೇರೆ ಕಡೆಗಳಲ್ಲೂ ಕೇಳಿಕೊಂಡು ಬಂದಿದ್ದೇವೆ.

ಮೂರನೆಯದು, ಗಂಡಸರಿರುವ ಮನೆಯಲ್ಲಿ ಇವಳಿಗೇಕೆ ಇದು? ಇದಕ್ಕೆ ಉತ್ತರ ಹೇಳಬೇಕಾದರೆ ನನ್ನದೇ ಕಥೆ ಹೇಳಬೇಕು. ಹೇಳಲು ನಾಚಿಕೆಯಿದೆ. ಆದರೂ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಇತ್ತು. 1089 ಸಿ.ಸಿ., ನಾಲ್ಕು ಸಿಲಿಂಡರು, ಗೇರು ಸ್ಟೀರಿಂಗಿನ ಪಕ್ಕದಲ್ಲಿ. ನನ್ನ ಯಜಮಾನರಿಗೆ ಅದರ ಮೇಲೆ ಪ್ರಾಣ. ಬೇಸಿಗೆಯಲ್ಲಿ ಹಿರಿಯೂರಿನ ದಾರಿಯಲ್ಲಿ ಬಿಸಿಯಾಗಿ ನಿಂತುಬಿಟ್ಟರೆ, ಇಳಿದು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯುತ್ತಿದ್ದರು. ಭಾನುವಾರ ಬೆಳಗ್ಗೆ ಕಾರ್ಬುರೇಟರ್ ಬಿಚ್ಚಿ ಶುಚಿ ಮಾಡುವುದು ಅವರ ಪೂಜೆ. ಮಗ ಟಾರ್ಚು ಹಿಡಿಯುತ್ತಿದ್ದ. ಒಂಬತ್ತು ವರ್ಷದ ಮಗಳು ತಾನೂ ಬಂದು ಇಣುಕಿದರೆ, "ಒಳಗೆ ಹೋಗು, ಲಂಗ ಮಸಿಯಾಗುತ್ತೆ" ಎಂದು ಅಟ್ಟುತ್ತಿದ್ದವಳು ಯಾರು ಗೊತ್ತೇ? ಅವರಲ್ಲ. ನಾನು. ಟಾರ್ಚು ಹಿಡಿದ ಮಗ ಇವತ್ತಿಗೂ ಟೈರು ಪಂಚರಾದರೆ ಫೋನು ಹಚ್ಚಿ ಯಾರನ್ನಾದರೂ ಕರೆಸುತ್ತಾನೆ. ಅದು ಬೇರೆ ಮಾತು. ಇದು ರಕ್ತದಲ್ಲಿ ಬರುವ ವಿದ್ಯೆಯಲ್ಲ ಎನ್ನುವುದಕ್ಕೆ ನಮ್ಮ ಮನೆಯೇ ಸಾಕ್ಷಿ.

1996ರಲ್ಲಿ ಯಜಮಾನರು ಹೋದರು, ನಲವತ್ತೆಂಟನೆಯ ವಯಸ್ಸಿನಲ್ಲಿ. ಕಾರು ಶೆಡ್ಡಿನಲ್ಲಿ ನಿಂತಿತು. ನನಗೆ ಓಡಿಸಲು ಬರುತ್ತಿತ್ತು, ಅವರೇ ಕಲಿಸಿದ್ದರು. ಬಾನೆಟ್ ಎತ್ತಲು ಮಾತ್ರ ಬರುತ್ತಿರಲಿಲ್ಲ. ಕೆಲವು ತಿಂಗಳ ಮೇಲೆ ತೆಗೆದಾಗ ಎಂಜಿನ್ ನಿಂತಲ್ಲಿ ನಿಲ್ಲದು. ಏರುತ್ತದೆ, ಇಳಿಯುತ್ತದೆ, ಆರಿಹೋಗುತ್ತದೆ. ಏರಿನಲ್ಲಿ ಎಳೆಯುವುದಿಲ್ಲ. ಜೊತೆಗೆ 'ಸುಯ್...' ಎಂದು ಹಾವಿನ ಹಾಗೆ ಒಂದು ಸದ್ದು. ಊರಿನ ಒಬ್ಬ ಮೆಕ್ಯಾನಿಕ್ಕಿನ ಹತ್ತಿರ ಒಯ್ದೆ. ಅವನು ಕಿವಿಗೊಟ್ಟು ಕೇಳಿ, ನನ್ನ ಬೋಳು ಹಣೆಯನ್ನೂ ನೋಡಿ ಹೇಳಿದ: "ಎಂಜಿನ್ ಹೋಗಿದೆ ಅಮ್ಮಾ. ಬೋರ್ ಮಾಡಿಸ್ಬೇಕು. ಸಾವಿರಗಟ್ಟಲೆ ಖರ್ಚು. ನಿಮಗ್ಯಾಕೆ ಈ ತಾಪತ್ರಯ, ಕೊಟ್ಟುಬಿಡಿ. ಗಿರಾಕಿ ನಾನೇ ನೋಡ್ತೀನಿ."

ಕೊಟ್ಟುಬಿಟ್ಟೆ. 1997ರ ಶ್ರಾವಣದಲ್ಲಿ, ಹಳೆ ಕಬ್ಬಿಣಕ್ಕಿಂತ ಸ್ವಲ್ಪ ಮೇಲಿನ ಬೆಲೆಗೆ. ಕಾಗದಕ್ಕೆ ಸಹಿ ಹಾಕುವಾಗ ಮಗಳು ಸೀಟಿನ ಮೇಲೆ ಕೂತು ಇಳಿಯಲೊಲ್ಲದೆ ಅತ್ತಳು. ಎಳೆದು ಇಳಿಸಿದೆ.

ಮರುವರ್ಷ ಪೇಟೆಯಲ್ಲಿ ಅದೇ ಕಾರು ಸಲೀಸಾಗಿ ಹೋಗುವುದನ್ನು ಕಂಡೆ. ಕೊಂಡವರ ಮನೆಯಾಕೆಯೇ ಸಂತೆಯಲ್ಲಿ ಸಿಕ್ಕಿ, ನನಗೆ ಸಂತೋಷವಾಗಲಿ ಎಂದು ಹೇಳಿದರು: "ಬೋರೂ ಇಲ್ಲ ಗೀರೂ ಇಲ್ಲ ಮೇಡಂ. ಕಾರ್ಬುರೇಟರ್ ಕೆಳಗಡೆ ಒಂದು ಗ್ಯಾಸ್ಕೆಟ್ ಹರಿದಿತ್ತಂತೆ, ಗಾಳಿ ಎಳೀತಿತ್ತಂತೆ. ಇಪ್ಪತ್ತು ರೂಪಾಯಿಯಲ್ಲಿ ಸರಿಹೋಯ್ತು."

ಇಪ್ಪತ್ತು ರೂಪಾಯಿ! ಗಂಡ ತೀರಿದವಳಿಗೆ ಅವನು ಬಿಟ್ಟುಹೋದ ಒಂದು ವಸ್ತು, ಮಕ್ಕಳಿಗೆ ಅಪ್ಪನ ವಾಸನೆ ಉಳಿದಿದ್ದ ಒಂದು ಜಾಗ, ಇಪ್ಪತ್ತು ರೂಪಾಯಿಯ ತಿಳಿವಳಿಕೆ ಇಲ್ಲದೆ ಹೋಯಿತು. ಬೋರ್ ಸವೆದ ಎಂಜಿನ್ನು ಎಣ್ಣೆ ಸುಟ್ಟು ನೀಲಿ ಹೊಗೆ ಬಿಡುತ್ತದೆ, ನಮ್ಮದು ಹೊಗೆಯನ್ನೇ ಬಿಡುತ್ತಿರಲಿಲ್ಲ ಎಂಬ ಒಂದು ಮಾತು ನನಗೆ ಗೊತ್ತಿದ್ದರೆ ಅವನನ್ನು ಅಲ್ಲೇ ಹಿಡಿಯುತ್ತಿದ್ದೆ. ಅವನು ಮೋಸಗಾರನೋ ಬರೀ ದಡ್ಡನೋ ನನಗಿನ್ನೂ ಗೊತ್ತಿಲ್ಲ. ನನ್ನ ಸಿಟ್ಟು ಅವನ ಮೇಲೆ ಅಷ್ಟಿಲ್ಲ. ಓಡಿಸುವುದನ್ನು ಪ್ರೀತಿಯಿಂದ ಕಲಿಸಿದ ಗಂಡ, ಬಿಚ್ಚುವುದನ್ನು ಕಲಿಸಬೇಕೆಂದು ಯೋಚಿಸಲಿಲ್ಲ. ಕೇಳಬೇಕೆಂದು ನಾನೂ ಯೋಚಿಸಲಿಲ್ಲ. ಸಿಟ್ಟು ಆ ಯೋಚಿಸದಿರುವಿಕೆಯ ಮೇಲೆ.

ಈಗ ಮತ್ತೆ ಆ ಗ್ಯಾರೇಜಿಗೆ ಬನ್ನಿ. ಎಲ್ಲ ಜೋಡಿಸಿ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಎರಡು. ಅಳಿಯ ಚಿತ್ರಾನ್ನದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮಗಳು ಕೀಲಿ ತಿರುಗಿಸಿದಳು. ಎಂಜಿನ್ ಹೊತ್ತಿತು, ಏರಿತು, ಇಳಿಯಿತು, ಮತ್ತೆ ಏರಿತು. "ಬ್ಯಾಟರಿ ತೆಗೆದಿದ್ದೆನಲ್ಲ, ಕಂಪ್ಯೂಟರು ಹೊಸದಾಗಿ ಕಲಿತುಕೊಳ್ಳಬೇಕಮ್ಮ, ಸ್ವಲ್ಪ ಹೊತ್ತು ಹೀಗೇ ಇರುತ್ತೆ" ಎಂದಳು.

ನಾನು ಸ್ಟೂಲಿನಿಂದ ಎದ್ದೆ. ನನ್ನ ಕಿವಿಗೆ ಬೇರೆ ಏನೋ ಕೇಳುತ್ತಿತ್ತು. ಹದಿನೇಳು ವರ್ಷವಾದರೂ ಮರೆಯದ ಸದ್ದು. ಸುಯ್...

"ಆರಿಸು" ಎಂದೆ. "ಎಲ್ಲೋ ಗಾಳಿ ಎಳೀತಿದೆ."

"ಇಲ್ಲಮ್ಮ, ಎಲ್ಲ ಬಿಗಿದಿದೀನಿ."

"ಪುಟ್ಟೀ, ಆರಿಸು ಅಂದೆ."

ಆರಿಸಿದಳು. ಟಾರ್ಚು ನಾನು ಹಿಡಿದೆ. ಪೆಟ್ಟಿಗೆಯ ಹಿಂಭಾಗದಲ್ಲಿ, ಕೈ ತೂರುವುದೇ ಕಷ್ಟವಾದ ಜಾಗದಲ್ಲಿ, ಒಂದು ರಬ್ಬರು ಪೈಪು ಅರ್ಧ ಮಾತ್ರ ಕೂತಿತ್ತು. ಒತ್ತಿ ಕೂರಿಸಿ ಕ್ಲಿಪ್ಪು ಹಾಕಿದಳು. ಈ ಸಲ ಎಂಜಿನ್ನು ಒಂದೆರಡು ನಿಮಿಷ ಗುನುಗಿ ನೆಟ್ಟಗೆ ನಿಂತಿತು. ಮಗಳು ನನ್ನ ಮುಖ ನೋಡಿದಳು. "ನಿನಗೆ ಹೇಗಮ್ಮ ಗೊತ್ತಾಯ್ತು?" ಎಂದಳು. ಪದ್ಮಿನಿಯ ಕಥೆಯನ್ನು ಅವಳಿಗೆ ಪೂರ್ತಿ ಹೇಳಿದ್ದು ಅವತ್ತೇ. ಅಳಿಯ ತಟ್ಟೆ ಹಿಡಿದುಕೊಂಡೇ ಕೇಳುತ್ತಿದ್ದ. ಚಿತ್ರಾನ್ನ ಆರಿಹೋಯಿತು.

ಹಾಗಾದರೆ ಅವಳು ಅವತ್ತು ಗಳಿಸಿದ್ದು ಹತ್ತು ಅಶ್ವಶಕ್ತಿಯೇ? ಅದು ಬಂತೋ ಬಿಟ್ಟಿತೋ, ಅಳೆಯಲು ನನ್ನ ಹತ್ತಿರ ಮಾಪಕವಿಲ್ಲ. ಅವಳ ಕಾರು ಅವಳಿಗೆ ಗೊತ್ತು. ಎಲ್ಲಿ ಏನಿದೆ, ಯಾವುದು ಕೆಟ್ಟರೆ ಯಾವ ಸದ್ದು ಎಂದು ಗೊತ್ತು. ನಾಳೆ ಯಾವನೂ ಅವಳ ಹಣೆ ನೋಡಿ ಬೆಲೆ ಕಟ್ಟಲಾರ. ಲಾಭದ ಲೆಕ್ಕ ಅದು.

ಹೆಂಗಸರಿಗೂ ಎಂಜಿನ್ನಿಗೂ ಏನು ಸಂಬಂಧ ಎನ್ನುವವರಿಗೆ ಎರಡು ಹಳೆಯ ಸಂಗತಿ ಹೇಳುತ್ತೇನೆ. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ಥಾ ಬೆನ್ಜ್ ಎಂಬಾಕೆ, ಗಂಡ ಕಾರ್ಲ್ ಬೆನ್ಜ್ ಮಾಡಿದ ಮೋಟಾರು ಗಾಡಿಯನ್ನು ಅವನಿಗೆ ಹೇಳದೆ ತೆಗೆದುಕೊಂಡು, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಹೊರಟಳು. ನೂರು ಕಿಲೋಮೀಟರಿಗೂ ಮೇಲೆ. ಅಷ್ಟು ದೂರ ಮೋಟಾರು ಗಾಡಿ ಓಡಿಸಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೊಪ್ಪಿಗೆಯ ಪಿನ್ನಿನಿಂದ ಬಿಡಿಸಿದಳು. ನಮ್ಮ ಸ್ಟವ್ವಿನ ಪಿನ್ನಿನ ಅಕ್ಕನೇ ಅದು! ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದಳು. ಬ್ರೇಕು ಸವೆದಾಗ ಚಮ್ಮಾರನಿಂದ ತೊಗಲು ಹೊಡೆಸಿದಳು. ಇಂಧನ ಮುಗಿದಾಗ ಔಷಧದ ಅಂಗಡಿಯಲ್ಲಿ ಕೊಂಡಳು. ಮೋಟಾರು ಗಾಡಿ ಊರಿಂದೂರಿಗೆ ಹೋಗಬಲ್ಲದು ಎಂದು ಲೋಕಕ್ಕೆ ತೋರಿಸಿದವಳು ಅದನ್ನು ಕಂಡುಹಿಡಿದವನಲ್ಲ, ಅವನ ಹೆಂಡತಿ.

ಇನ್ನೊಬ್ಬಾಕೆ ಇಂಗ್ಲೆಂಡಿನ ಬಿಯಾಟ್ರಿಸ್ ಶಿಲ್ಲಿಂಗ್, 1909ರಲ್ಲಿ ಹುಟ್ಟಿದವಳು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳಿಗೆ ಒಂದು ಕಾಯಿಲೆ ಇತ್ತು. ಶತ್ರುವಿನ ಬೆನ್ನುಹತ್ತಿ ಮೂತಿ ಕೆಳಗೆ ಮಾಡಿದ ಕೂಡಲೇ ಕಾರ್ಬುರೇಟರಿನ ಪೆಟ್ರೋಲು ಅಡ್ಡಾದಿಡ್ಡಿಯಾಗಿ ಎಂಜಿನ್ನು ಕಟ್ಟಿಕೊಳ್ಳುತ್ತಿತ್ತು. ಜರ್ಮನರ ವಿಮಾನಗಳಲ್ಲಿ ಪೆಟ್ರೋಲನ್ನು ನೇರ ಚುಚ್ಚುವ ವ್ಯವಸ್ಥೆ ಇದ್ದುದರಿಂದ ಅವಕ್ಕೆ ಈ ಬಾಧೆಯಿಲ್ಲ. 1941ರಲ್ಲಿ ಶಿಲ್ಲಿಂಗ್ ಇದಕ್ಕೆ ಕೊಟ್ಟ ಮದ್ದು, ನಡುವೆ ತೂತಿರುವ ಹಿತ್ತಾಳೆಯ ಒಂದು ಸಣ್ಣ ತುಂಡು. ಪೆಟ್ರೋಲಿನ ಹರಿವಿಗೆ ಮಿತಿ ಹಾಕುವ ಅಷ್ಟಗಲದ ವಸ್ತು. ವಿಮಾನ ಬಿಚ್ಚಿ ಹಾಕಬೇಕಾಗಿಲ್ಲ, ನಿಂತಲ್ಲೇ ಕೂರಿಸಬಹುದು. ತನ್ನ ಜನರನ್ನು ಕರೆದುಕೊಂಡು ವಾಯುನೆಲೆಯಿಂದ ವಾಯುನೆಲೆಗೆ ಹೋಗಿ ಆಕೆಯೇ ಕೂರಿಸಿ ಬಂದಳು. ಎಷ್ಟು ಜನ ಪೈಲಟ್ಟುಗಳು ಅದರಿಂದ ಜೀವಸಹಿತ ಮನೆಗೆ ಬಂದರೋ! ಗಂಡಸರು ಆ ತುಂಡಿಗೆ ಇಟ್ಟ ಅಡ್ಡಹೆಸರಿನಲ್ಲೂ ಕುಚೋದ್ಯವಿತ್ತು. ಪ್ರಾಣ ಉಳಿಸಿಕೊಂಡರೂ ಗೇಲಿ ಬಿಡಲಿಲ್ಲ. ನಮ್ಮ ಕನ್ನಡದವರೇ ಆದ ರಾಜೇಶ್ವರಿ ಚಟರ್ಜಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು. ಅವರ ಹೆಸರು ನಮ್ಮ ಎಷ್ಟು ಹೆಣ್ಣುಮಕ್ಕಳಿಗೆ ಗೊತ್ತು?

ಒಂದು ಮಾತು ಸ್ಪಷ್ಟವಾಗಲಿ. ನಿಮ್ಮ ಕಾರಿಗೋ ಸ್ಕೂಟರಿಗೋ ಇಂಥದ್ದನ್ನು ತಂದು ಹಾಕಿ ಎಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಅದು ಸಲ್ಲದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸಕೂಡದು ಎನ್ನುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿಯೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಎಂದಾಯಿತು. ಇದಕ್ಕೆ ನನ್ನ ತಕರಾರಿಲ್ಲ. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯ ಮುಂದೆ ಸೈಲೆನ್ಸರ್ ಕಿತ್ತ ಬೈಕಿನಲ್ಲಿ ಗುಡುಗುತ್ತಾ ಹೋಗುವ ಹುಡುಗರನ್ನು ಕಂಡರೆ ನನಗೂ ಮೈ ಉರಿಯುತ್ತದೆ. ಅವರಿಗೆ ಬೇಕಾದದ್ದು ಸದ್ದು, ತಿಳಿವಳಿಕೆಯಲ್ಲ. ಆದರೆ ವಿಚಿತ್ರ ನೋಡಿ. ಆ ಹುಡುಗ ರಸ್ತೆಯಲ್ಲೆಲ್ಲ ಗಲಾಟೆ ಎಬ್ಬಿಸಿದರೆ 'ವಯಸ್ಸು' ಎನ್ನುತ್ತೇವೆ. ಹುಡುಗಿಯೊಬ್ಬಳು ತನ್ನ ಮನೆಯ ಶೆಡ್ಡಿನಲ್ಲಿ ಸದ್ದಿಲ್ಲದೆ ಪಾನ ಹಿಡಿದರೆ 'ಪಾಪ' ಎನ್ನುತ್ತೇವೆ.

ಕಾನೂನು ಬದಲಿಸಬೇಡಿ ಎನ್ನುತ್ತದೆ, ತಿಳಿಯಬೇಡಿ ಎನ್ನುವುದಿಲ್ಲ. ಆದ್ದರಿಂದ ನಾನು ಕೇಳುವುದು ಇಷ್ಟೇ. ಸ್ಕೂಟರೋ ಕಾರೋ ಗ್ಯಾರೇಜಿಗೆ ಹೋದಾಗ ದೂರದ ಬೆಂಚಿನಲ್ಲಿ ಕೂತು ಮೊಬೈಲು ನೋಡಬೇಡಿ. ಪಕ್ಕದಲ್ಲಿ ನಿಲ್ಲಿ. ಏನು ಬಿಚ್ಚುತ್ತಾನೆ, ಯಾಕೆ ಬಿಚ್ಚುತ್ತಾನೆ ಎಂದು ಕೇಳಿ. ಹೊಸ ಸಾಮಾನು ಹಾಕಿದೆ ಎಂದರೆ ಹಳೆಯದನ್ನು ಕೈಗೆ ಕೊಡು ಎನ್ನಿ. ಹೊಗೆಯ ಬಣ್ಣ ನೋಡುವುದನ್ನು ಕಲಿಯಿರಿ. ನೀಲಿಯಾದರೆ ಎಣ್ಣೆ ಸುಡುತ್ತಿದೆ, ಕಪ್ಪಾದರೆ ಪೆಟ್ರೋಲು ಜಾಸ್ತಿಯಾಗಿದೆ, ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿಯಾಗಿಯೇ ಬಂದರೆ ನೀರು ಒಳಹೊಕ್ಕಿರಬಹುದು. ಒಗ್ಗರಣೆ ಸೀದದ್ದನ್ನು ವಾಸನೆಯಲ್ಲೇ ಹಿಡಿಯುವ ನಮಗೆ ಇದೇನು ದೊಡ್ಡದೇ? ಮನೆಯಲ್ಲಿ ಏನಾದರೂ ಬಿಚ್ಚುವಾಗ ಟಾರ್ಚನ್ನು ಮಗಳ ಕೈಗೂ ಕೊಡಿ. ಲಂಗ ಮಸಿಯಾದರೆ ಒಗೆಯಬಹುದು.

ನಾದಿನಿಗೆ ಈ ಉತ್ತರವನ್ನು ಅವತ್ತೇ ಕೊಡಬೇಕಾಗಿತ್ತು. ಕೊಡಲಿಲ್ಲ, ನಕ್ಕು ಸುಮ್ಮನಾದೆ. ಈಗ ಕೊಡುತ್ತಿದ್ದೇನೆ. ಕೈಯೆಲ್ಲ ಮಸಿ ಮಾಡಿಕೊಂಡು ನಗುತ್ತಾ ಬಂದು, ಗಂಡ ಕಲಸಿದ ಆರಿದ ಚಿತ್ರಾನ್ನವನ್ನು ಎರಡು ಸಲ ಹಾಕಿಸಿಕೊಂಡು ಉಂಡ ನನ್ನ ಮಗಳಿಗೆ 'ಪಾಪ' ಎನ್ನಬೇಡ. ಹೆಂಡತಿಗೆ ಉಣ್ಣಿಸಿ ಸಂತೋಷಪಟ್ಟ ಅಳಿಯನಿಗೂ ಎನ್ನಬೇಡ. ಆ ಪದವನ್ನು ಯಾರಿಗಾದರೂ ಕೊಡಲೇಬೇಕೆಂದಿದ್ದರೆ, 1997ರ ಶ್ರಾವಣದಲ್ಲಿ, ಒಂದು ಹರಿದ ಗ್ಯಾಸ್ಕೆಟ್ಟಿನ ಸದ್ದು ಗೊತ್ತಾಗದೆ, ಅಳುವ ಮಗುವನ್ನು ಸೀಟಿನಿಂದ ಎಳೆದು ಇಳಿಸಿ ಸಹಿ ಹಾಕಿದ ಆ ಹೆಂಗಸಿಗೆ ಕೊಡು.